ಸೋನೌಲಿ ನಾಕಾದಲ್ಲಿ ಅತ್ತಿಯ ಪೂಜೆ

ನಾನು ಜೇವರ್ಗಿಯ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದ ಕಾಲ, ಎಂಬತ್ತರ ದಶಕದ ನಡುವಿನ ವರ್ಷಗಳು. ವರ್ಷಕ್ಕೊಮ್ಮೆ ಹಿಮಾಲಯದ ಪಾಠ ಬರುತ್ತಿತ್ತು. ಕಪ್ಪು ಹಲಗೆಯ ಮೇಲೆ ಗರಗಸದ ಹಲ್ಲಿನ ಹಾಗೆ ಗೆರೆ ಎಳೆದು, ತುದಿಗಳಿಗೆಲ್ಲ ಬಿಳಿ ತೀಡಿ, ‘ಇದು ಧವಳಗಿರಿ, ಇದು ಅನ್ನಪೂರ್ಣ’ ಎಂದು ಹೇಳುವಾಗ ನನಗೇ ಒಳಗೊಳಗೆ ನಗು ಬರುತ್ತಿತ್ತು. ನಮ್ಮ ಸೀಮೆಯ ನೆಲ ತಟ್ಟಿದ ರೊಟ್ಟಿಯಷ್ಟು ಚಪ್ಪಟೆ. ಒಂದು ದಿಬ್ಬ ಕಂಡರೆ ಅದಕ್ಕೊಂದು ಗುಡಿ ಕಟ್ಟಿ ಹೆಸರಿಡುವ ಮಂದಿ ನಾವು. ಅಂಥ ಊರುಗಳಲ್ಲಿ ಹುಟ್ಟಿ ಬೆಳೆದವಳು ಕಾಣದ ಪರ್ವತದ ಬಗ್ಗೆ ಬಾಯಿ ತುಂಬ ಮಾತಾಡುವುದೆಂದರೆ ತಿನ್ನದ ಹೋಳಿಗೆಯ ರುಚಿ ಹೇಳಿದಂತೆ.

ಹೀಗಾಗಿ ಒಂದು ವರ್ಷ ದಸರೆಯ ರಜೆಗೆ ಮುಂಚೆಯೇ ಮಾದನಹಿಪ್ಪರಗಾದ ನಮ್ಮ ಮನೆಯಲ್ಲಿ ಸಾರಿಬಿಟ್ಟೆ: ಬೆನ್ನಿಗೊಂದು ಚೀಲ ಕಟ್ಟಿಕೊಂಡು ನೇಪಾಳಕ್ಕೆ ಹೋಗುತ್ತೇನೆ, ಒಬ್ಬಳೇ ಹೋಗುತ್ತೇನೆ. ಸೊಲ್ಲಾಪುರದ ಸಂತೆಯಲ್ಲಿ ಮಿಲಿಟರಿಯವರ ಹಳೆಯ ಸಾಮಾನು ಮಾರುವವನಿಂದ ತಂದ ಹಸಿರು ಚೀಲವನ್ನೂ ಪಡಸಾಲೆಯ ನಡುವೆ ಇಟ್ಟೆ. ಅವ್ವ ಅದನ್ನು ಹಾವನ್ನು ನೋಡುವಂತೆ ನೋಡಿದಳು. ಅಪ್ಪ ಮಾತಾಡಲಿಲ್ಲ. ನಮ್ಮ ಮನೆಯಲ್ಲಿ ಅಪ್ಪ ಮಾತಾಡದಿದ್ದರೆ ಆಗುವುದಿಲ್ಲ ಎಂದೇ ಅರ್ಥ.

ಆ ಹೊತ್ತಿಗೆ ಅತ್ತಿ ಬಂದಿದ್ದಳು. ಅಪ್ಪನ ಅಕ್ಕ. ಅಫಜಲಪುರ ತಾಲ್ಲೂಕಿನ ಕರಜಗಿಗೆ ಅವಳನ್ನು ಕೊಟ್ಟಿದ್ದರು. ಗಂಡ ಬೇಗ ತೀರಿಕೊಂಡ ಮೇಲೆ ಹೊಲ, ಕಬ್ಬು, ಆಳು, ಎತ್ತು ಎಲ್ಲವನ್ನೂ ತಾನೇ ಹಿಡಿದು ನಡೆಸಿದವಳು. ಐವತ್ತು ತುಂಬುವುದಕ್ಕೆ ಬಂದಿತ್ತು. ಅವಳ ನಾಲಿಗೆಗೆ ಹೆದರಿ ಕರಜಗಿಯ ನಾಯಿಗಳು ಕೂಡ ಅವಳ ಓಣಿ ಬಿಟ್ಟು ಸುತ್ತು ಹಾಕುತ್ತವೆ ಎಂದು ಅಪ್ಪ ಚಾಷ್ಟಿ ಮಾಡುತ್ತಿದ್ದ. ಅವಳು ಊಟದ ತಾಟಿನಿಂದ ತಲೆ ಎತ್ತಿ ಕೇಳಿದಳು.

“ಕೈಲಾಸ ಅಲ್ಲೇ ಇರ್ತದಲ್ಲಬೇ?”

“ಕೈಲಾಸ ಇನ್ನೂ ಆ ಕಡಿಗಿ ಅದ ಅತ್ತಿ, ಟಿಬೆಟ್ಟಿನಾಗ. ನಾ ಹೊಂಟಿದ್ದು ಈ ಕಡಿಗಿ,” ಎಂದೆ ಮಾಸ್ತರಿಕೆಯ ಗತ್ತಿನಿಂದ.

“ಇರವಲ್ಲದ್ಯಾಕ. ಮಾಲಕ ಸಿಗದಿದ್ರ ಬಾಜೂ ಮನಿಯವರನ್ನಾದ್ರೂ ಕಂಡು ಬರೂಣು. ನಾನೂ ಬರ್ತೇನಿ.”

ಅಪ್ಪನಿಗೆ ಮಾತು ಬಂತು. “ಅಕ್ಕ ಹೋಗ್ತಾಳಂದ್ರ ಹೋಗ್ಲಿ,” ಎಂದ. ಒಬ್ಬಳೇ ಹೋಗುವ ನನ್ನ ಕನಸು ಅಲ್ಲಿಗೆ ಮುಗಿಯಿತು. ಎರಡು ದಿನ ಮುಖ ಊದಿಸಿಕೊಂಡು ತಿರುಗಿದೆ. ಅತ್ತಿ ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. ನನ್ನ ಹಸಿರು ಚೀಲವನ್ನು ಮುಂದಿಟ್ಟುಕೊಂಡು, ಹಿಂದೆ ಮುಂದೆ ತಿರುಗಿಸಿ, “ಭಾಳ ಶಾಣ್ಯಾ ಇದ್ದಾನ ಇದನ್ನ ಹೊಲದಂವ. ಎರಡೂ ಕೈ ಖಾಲಿ ಇರ್ತಾವ ನೋಡು,” ಎಂದು ಮೆಚ್ಚಿಕೊಂಡಳು. ಆಮೇಲೆ ಒಂದು ಹಳೆಯ ಕೌದಿಯನ್ನು ಕತ್ತರಿಸಿ ಅಂಥದೇ ಒಂದು ಚೀಲ ತಾನೂ ಹೊಲಿದುಕೊಂಡಳು. ಕೆಂಪು, ಹಳದಿ, ನೀಲಿ ತುಂಡುಗಳ ಆ ಚೀಲಕ್ಕೆ ಮಂಚದ ನವಾರವೇ ಹೆಗಲ ಪಟ್ಟಿ. ಒಳಗೆ ಒಣ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಒಂದು ತಾಮ್ರದ ತಂಬಿಗೆ, ಒಂದು ವಿಭೂತಿ ಗಟ್ಟಿ, ಒಂದು ಜೊತೆ ಸೀರೆ. ಬಣ್ಣಬಣ್ಣದ ಆ ಚೀಲ ಬೆನ್ನಿಗೇರಿಸಿ, ಹಣೆಗೆ ವಿಭೂತಿ ಹಚ್ಚಿ, ಕಚ್ಚೆ ಬಿಗಿದು ಅವಳು ಅಂಗಳಕ್ಕೆ ಬಂದು ನಿಂತಾಗ ಅವ್ವನಿಗೂ ನಗು ತಡೆಯಲಾಗಲಿಲ್ಲ.

ಇಲ್ಲಿ ಅತ್ತಿಯ ಲಿಂಗದ ಮಾತು ಹೇಳಬೇಕು. ನಮ್ಮ ಮನೆತನದಲ್ಲಿ ಕೂಸು ಹುಟ್ಟಿದಾಗಲೇ ಕೊರಳಿಗೆ ಲಿಂಗ ಕಟ್ಟುತ್ತಾರೆ. ಉಸಿರಿರುವ ತನಕ ಅದು ಮೈಮೇಲಿರಬೇಕು. ಮಣ್ಣಿಗೆ ಹೋಗುವಾಗ ಅದೂ ಜೊತೆಗೆ ಹೋಗುತ್ತದೆ. ದಿನಾ ಎಡಗೈಯಲ್ಲಿಟ್ಟು ಪೂಜೆ ಮಾಡದೆ ಬಾಯಿಗೆ ಹನಿ ನೀರೂ ಹಾಕುವಂತಿಲ್ಲ. ಇನ್ನೊಬ್ಬರ ಕೈಗಂತೂ ಕೊಡುವಂತೆಯೇ ಇಲ್ಲ. ಇಷ್ಟನ್ನೂ ಅಕ್ಷರಶಃ ಪಾಲಿಸುತ್ತಿದ್ದವಳು ಅತ್ತಿ ಒಬ್ಬಳೇ. ನನ್ನ ಲಿಂಗ ಮಾದನಹಿಪ್ಪರಗಾದ ಮನೆಯಲ್ಲಿ ದೇವರಿಡುವ ಜಗಲಿಯ ಮೇಲಿತ್ತು. ಕಾಲೇಜು ಸೇರಿದ ವರ್ಷ ತೆಗೆದಿಟ್ಟದ್ದು. ಅತ್ತಿ ಕಂಡಾಗಲೆಲ್ಲ ಬೈಯುತ್ತಿದ್ದಳು, ನಾನು ಈ ಕಿವಿಯಿಂದ ಆ ಕಿವಿಗೆ ಬಿಡುತ್ತಿದ್ದೆ. ಉಳಿದವರೆಲ್ಲ ಲಿಂಗವನ್ನು ಗುಂಡಗಡಗಿ ಎಂಬ ಬೆಳ್ಳಿಯ ಡಬ್ಬಿಯಲ್ಲಿಟ್ಟು ಕೊರಳಿಗೆ ಹಾಕಿಕೊಂಡರೆ ಅತ್ತಿ ಮಾತ್ರ ಬಿಳಿ ಅರಿವೆಯಲ್ಲಿ ಗಂಟು ಕಟ್ಟಿ, ಕೊರಳಿಗೆ ಹಾಕಿ, ಕುಬಸದೊಳಗೆ ಇಳಿಬಿಡುತ್ತಿದ್ದಳು. ಯಾಕೆಂದು ನನಗೆ ಗೊತ್ತಿರಲಿಲ್ಲ. ಜಿಪುಣತನವೆಂದೇ ತಿಳಿದಿದ್ದೆ.

ಆಳಂದದಿಂದ ಅಕ್ಕಲಕೋಟೆಗೆ ಹೋಗುವ ಬಸ್ಸಿನಲ್ಲಿ ಅದು ಗೊತ್ತಾಯಿತು. ಊರು ದಾಟಿ ಸ್ವಲ್ಪ ಹೊತ್ತಿಗೆ ಅವಳ ಬಲಗೈ ಎದೆಯ ಮೇಲಿನ ಗಂಟನ್ನು ಒತ್ತಿ ಹಿಡಿದಿತ್ತು. ಕಂಡಕ್ಟರನನ್ನು ಕೇಳಿದಳು, “ಸರಹದ್ದು ಬಂತೇನ್ರಿ?”

“ಯಾವ ಸರಹದ್ದುರೀ ಯವ್ವಾ? ಆಗಳೇ ಹೋತು. ನೀವೀಗ ಮಹಾರಾಷ್ಟ್ರದಾಗ ಇದ್ದೀರಿ,” ಎಂದು ಅವನು ನಕ್ಕು ಮುಂದೆ ಹೋದ. ಎರಡೂ ಕಡೆ ಅದೇ ಎರೆಭೂಮಿ, ಅದೇ ತೊಗರಿ.

ಅತ್ತಿ ಕಿಟಕಿಯ ಹೊರಗೆ ನೋಡುತ್ತ ಹೇಳಿದಳು. ಅವಳು ಸಣ್ಣ ಹುಡುಗಿಯಾಗಿದ್ದಾಗ ಇದು ನಿಜಾಮನ ರಾಜ್ಯದ ಅಂಚು. ಆ ರಾಜ್ಯ ಭಾರತಕ್ಕೆ ಸೇರುವ ಮುಂಚಿನ ಗದ್ದಲದ ವರ್ಷ ಊರಿಗೆ ಊರೇ ಗಾಡಿ ಕಟ್ಟಿಕೊಂಡು ಸೊಲ್ಲಾಪುರದ ಕಡೆ ಹೊರಟಿತ್ತು. ನಸುಕಿನಲ್ಲಿ ಗಡಿಯ ಹತ್ತಿರ ಯಾರೋ ಗಾಡಿ ತಡೆದರು. ಬೆಳ್ಳಿ ಬಂಗಾರ ಬಿಚ್ಚಿಸಿಕೊಂಡರು. ಮುತ್ಯಾನ, ಅಂದರೆ ನನ್ನ ಅಜ್ಜನ, ಕೊರಳಿನ ಗುಂಡಗಡಗಿಯನ್ನೂ ಕಿತ್ತುಕೊಂಡು, ಅದರೊಳಗಿನ ಲಿಂಗ ಅವರಿಗೆ ಬೇಡವಾದ್ದರಿಂದ ಹೊಲದೊಳಕ್ಕೆ ಎಸೆದು ಹೋದರು. ಊರಿನ ಗಾಡಿಗಳೆಲ್ಲ ಗಡಿ ದಾಟಿದವು. ಮುತ್ಯಾ ಮಾತ್ರ ಹೊಲದ ಬದುವಿನ ಮೇಲೆ ಕೂತುಬಿಟ್ಟ. ಲಿಂಗವಿಲ್ಲದೆ ಹೆಜ್ಜೆ ಎತ್ತಿಡುವುದಿಲ್ಲ, ನೀರು ಮುಟ್ಟುವುದಿಲ್ಲ ಎಂದ.

“ಎರಿ ಮಣ್ಣಾಗ ಕರೀ ಲಿಂಗ. ಹ್ಯಾಂಗ ಹುಡುಕೂದು ಹೇಳು?” ಎಂದಳು ಅತ್ತಿ. “ನಾಂಗರ ಹೊಡೆದ ಹೊಲ, ಎಲ್ಲಿ ನೋಡಿದಲ್ಲಿ ಬರೇ ಮಣ್ಣಿನ ಹೆಂಟಿ. ಎಲ್ಲಾನೂ ಲಿಂಗದ್ಹಂಗ ಕಾಣ್ತಾವ. ನಮ್ಮವ್ವ ಅಳಾಕತ್ತಾಳ. ನಾ ಒಂದೊಂದ ಹೆಂಟಿ ಹಿಡದು ಹಿಚಕ್ಕೊಂತ ಹೋದೆ. ಹಿಚಕಿದ್ರ ಒಡೀತಾವ, ಒಗೀತೇನಿ. ಹಿಚಕತೇನಿ, ಒಗೀತೇನಿ. ಬಿಸಲು ನೆತ್ತಿಗಿ ಬಂತು. ಒಂದು ಒಡೀಲಿಲ್ಲ.”

ನಾನು ಅವಳ ಅಂಗೈಯನ್ನು ನೋಡುತ್ತ ಕೂತಿದ್ದೆ. ಬೆಳ್ಳಿ ಇದ್ದದ್ದಕ್ಕೇ ಕಳ್ಳರ ಕಣ್ಣು ಬಿತ್ತೆಂದು ಅಂದಿನಿಂದ ಅವಳು ಬೆಳ್ಳಿ ಬಿಟ್ಟವಳು.

ಸೊಲ್ಲಾಪುರದಿಂದ ರೈಲು ಹಿಡಿದು, ಬದಲಿಸಿ, ಕಾಶಿ ಮುಟ್ಟಿದೆವು. ಕಾಶಿಯ ಗುಡಿಗೆ ಹೋಗೋಣವೇ ಎಂದರೆ, “ಅಂಗೈಯಾಗ ಬೆಣ್ಣಿ ಇಟಗೊಂಡು ತುಪ್ಪಕ್ಕ ಊರೆಲ್ಲಾ ತಿರಗಲ್ಯಾ?” ಎಂದು ಎದೆಯ ಗಂಟು ತಟ್ಟಿದಳು. ನದಿಯನ್ನು ಮಾತ್ರ ಬಹಳ ಹೊತ್ತು ನೋಡಿದಳು. “ನಮ್ಮ ಸೊನ್ನದ ಭೀಮಾ ಹೊಳಿಗಿಂತ ದೊಡ್ಡದೇ ಅದ ಬಿಡು,” ಎಂದಳು. ಅವಳ ಬಾಯಿಂದ ಅದು ದೊಡ್ಡ ಮಾತು.

ಕಾಶಿಯಿಂದ ಪೋಖರಾಕ್ಕೆ ನೇರ ಬಸ್ಸಿತ್ತು. ಗಡಿ ದಾಟಿ ಹೋಗುವ ಬಸ್ಸು. ಮೊದಲ ದಿನ ಸೋನೌಲಿಯಲ್ಲಿ ಗಡಿ ದಾಟಿ ಆ ಕಡೆ ವಸತಿ, ಮರುದಿನ ಗುಡ್ಡ ಹತ್ತಿ ಪೋಖರಾ. ಬೆಳಕು ಹರಿಯುವ ಮುಂಚೆಯೇ ಹತ್ತಿಸಿಕೊಂಡರು. ಅತ್ತಿಗೆ ಪೂಜೆಗೆ ಸಮಯ ಸಿಗಲಿಲ್ಲ. “ಎಲ್ಯಾರ ನಿಂದರ್ತದ, ಅಲ್ಲೇ ಮಾಡಿದ್ರಾತು,” ಎಂದಳು. ಬಸ್ಸು ನಿಂತಲ್ಲೆಲ್ಲ ಮಂದಿ ಕಾಲಿಡಲು ಜಾಗವಿಲ್ಲದಂತೆ ಮುಗಿಬೀಳುತ್ತಿದ್ದರು, ಇಳಿದವರಿಗೆ ಸೀಟು ಹೋಗುತ್ತಿತ್ತು. ಹೀಗಾಗಿ ಮಧ್ಯಾಹ್ನವಾದರೂ ಅವಳ ಪೂಜೆ ಆಗಿರಲಿಲ್ಲ. ಪೂಜೆ ಆಗದ್ದರಿಂದ ಹೊಟ್ಟೆಗೆ ಏನೂ ಇಲ್ಲ, ನೀರೂ ಇಲ್ಲ. ನಾನು ಪಕ್ಕದಲ್ಲಿ ಕೂತು ಶೇಂಗಾ ಹಿಂಡಿ ಹಚ್ಚಿಕೊಂಡು ಕಟಕಟ ರೊಟ್ಟಿ ಕಡಿಯುತ್ತಿದ್ದೆ. ಹಿಂದಿನ ಸೀಟಿನಲ್ಲಿ ತನ್ನಷ್ಟೇ ಎತ್ತರದ ಚೀಲ ಹೊತ್ತ ಒಬ್ಬ ಬಿಳಿಯ ಪ್ರವಾಸಿ ಇದ್ದ. ಅತ್ತಿಯ ಕೌದಿ ಚೀಲವನ್ನು ಮುಟ್ಟಿ ಮುಟ್ಟಿ ನೋಡಿ, ತನ್ನ ಚೀಲ ಕೊಡುತ್ತೇನೆ, ಇದನ್ನು ಕೊಡುತ್ತೀರಾ ಎಂದು ಸನ್ನೆ ಮಾಡಿದ. ಅತ್ತಿ ಚೀಲವನ್ನು ಎಳೆದುಕೊಂಡು ತೊಡೆಯ ಮೇಲಿಟ್ಟುಕೊಂಡಳು.

ಸೋನೌಲಿ ಬಂತು. ನಾನು ಎಣಿಸಿಕೊಂಡಿದ್ದ ಗಡಿಯೇ ಬೇರೆ. ಮುಳ್ಳುತಂತಿ, ಕಂದಕ, ಬಂದೂಕು ಇರಬಹುದೆಂದು ತಿಳಿದಿದ್ದೆ. ಅಲ್ಲಿದ್ದದ್ದು ಆಳಂದದ ಸಂತೆಯಂಥದೇ ಗದ್ದಲ. ಸೈಕಲ್ ರಿಕ್ಷಾ, ಬಾಳೆಹಣ್ಣು, ಪೆಟ್ಟಿಗೆ ಹೊತ್ತ ಹಮಾಲರು. ರಸ್ತೆಗೆ ಅಡ್ಡ ಒಂದು ಬಿದಿರು. ಅದರಾಚೆ ಬಣ್ಣದ ಒಂದು ಕಮಾನು. ಕಮಾನಿನಾಚೆ ಬೇರೆ ದೇಶ. ನಮ್ಮ ದೇಶದವರಿಗೆ ಪಾಸ್‌ಪೋರ್ಟೂ ಬೇಡ. ಸಾಮಾನಿನ ತಪಾಸಣೆಗಷ್ಟೇ ಎಲ್ಲರನ್ನೂ ಇಳಿಸಿದರು.

ಮೀಸೆಯ ಒಬ್ಬ ಸಾಹೇಬ ನಮ್ಮ ಚೀಲಗಳನ್ನು ಮೇಜಿನ ಮೇಲೆ ಬಿಚ್ಚಿಸಿದ. ಅತ್ತಿಯ ವಿಭೂತಿ ಗಟ್ಟಿಯನ್ನು ಉಗುರಿನಿಂದ ಕೆರೆದು ಮೂಸಿದ. ಬಿಳಿ ಪುಡಿ ನೋಡಿ ಅವನ ಹುಬ್ಬು ಗಂಟಾಯಿತು. ನಾನು ಹಣೆ ತೋರಿಸಿ ತಿಳಿಸಿ ಹೇಳಿದೆ. ಆಮೇಲೆ ಹಿಂಡಿಯ ಡಬ್ಬಿ ತೆಗೆದು ಅದನ್ನೂ ಮೂಸಿದ. ನಮ್ಮ ಕಡೆಯ ಶೇಂಗಾ ಹಿಂಡಿಯನ್ನು ಹಾಗೆ ಮೂಸಬಾರದು. ಅವನು ಸೀನಿದ ಸೀನಿಗೆ ಮೇಜಿನ ಮೇಲಿನ ಕಾಗದಗಳು ಹಾರಿದವು. ಸುತ್ತಲಿನವರೆಲ್ಲ ನಕ್ಕರು, ಅವನೂ ನಕ್ಕ. ಎಲ್ಲ ಸುಸೂತ್ರ ಮುಗಿಯಿತು ಎಂದುಕೊಂಡೆ.

ಹೆಂಗಸರನ್ನು ತಡವಿ ನೋಡಲು ಪರದೆಯ ಹಿಂದೆ ಒಬ್ಬ ಮಹಿಳಾ ಸಿಪಾಯಿ ಇದ್ದಳು. ನನ್ನನ್ನು ನೋಡಿ ಬಿಟ್ಟಳು. ಅತ್ತಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಪರದೆ ಸರಿಸಿ ಆ ಸಿಪಾಯಿ ಸಾಹೇಬನನ್ನು ಕರೆದಳು. ಈ ಹೆಂಗಸಿನ ಎದೆಯ ಮೇಲೆ ಗಟ್ಟಿಯಾದ ಒಂದು ಗಂಟಿದೆ, ಮುಟ್ಟಗೊಡುತ್ತಿಲ್ಲ ಎಂದಳು.

ಸಾಹೇಬ ಕೆಟ್ಟವನೇನಲ್ಲ. ಅರಿವೆಯ ಗಂಟುಗಳಲ್ಲಿ ಬಂಗಾರ ಸಾಗಿಸುವವರನ್ನು ಹಿಡಿಯುವುದೇ ಅವನ ಕೆಲಸ. “ಮಾತಾಜೀ, ಬಿಚ್ಚಿ ಇಲ್ಲಿ ಕೊಡಿ, ನೋಡಿ ವಾಪಸು ಕೊಡುತ್ತೇನೆ,” ಎಂದು ಹಿಂದಿಯಲ್ಲಿ ಹೇಳಿ ಕೈ ಚಾಚಿದ.

ನಮ್ಮ ಭಾಗದ ಹಳಬರೆಲ್ಲರ ಹಾಗೆ ಅತ್ತಿಗೂ ದಖನಿ ಚೆನ್ನಾಗಿ ಬರುತ್ತಿತ್ತು. “ನಕ್ಕೋ ಸಾಬ್,” ಎಂದಳು. “ಜಾನ್ ಲ್ಯೋ, ಯೇ ನಕ್ಕೋ ಲ್ಯೋ.” ಜೀವ ಬೇಕಾದರೆ ತಗೊಳ್ಳಿ, ಇದು ಬೇಡ.

ಅದು ದೇವರು, ಕೊರಳಿಂದ ತೆಗೆದು ಯಾರ ಕೈಗೂ ಕೊಡುವಂತಿಲ್ಲ ಎಂದು ನಾನು ಹೇಳಿದೆ. ದೇವರ ಹೆಸರು ಹೇಳಿದವರನ್ನು ತಾನು ಬೇಕಾದಷ್ಟು ನೋಡಿದ್ದೇನೆ ಎಂದ ಅವನು. ಅದೂ ಸುಳ್ಳಲ್ಲ. ಗಂಟು ಕೈಗೆ ಕೊಟ್ಟರೆ ಕಮಾನು ದಾಟಬಹುದು, ಕೊಡದಿದ್ದರೆ ಇಲ್ಲಿಂದಲೇ ಹಿಂದಕ್ಕೆ. ಬಸ್ಸಿನ ಕಂಡಕ್ಟರ್ ಬಂದು ಇವರಿಬ್ಬರ ಚೀಲ ಇಳಿಸಲೇ ಎಂದು ಕೇಳಿದ.

ನನಗೆ ಸಿಟ್ಟು ಬಂತು. ಅತ್ತಿಯ ಮೇಲೆ, ಸಾಹೇಬನ ಮೇಲೆ, ಅವಳನ್ನು ನನಗೆ ಗಂಟು ಹಾಕಿದ ಅಪ್ಪನ ಮೇಲೆ. ವರ್ಷಗಟ್ಟಲೆ ಹಲಗೆಯ ಮೇಲೆ ಬರೆದ ಪರ್ವತ ಅಲ್ಲೇ ಆ ಬಿದಿರಿನಾಚೆ ಇದೆ. “ಅತ್ತಿ, ಒಂದ್ ಗಳಿಗಿ ಕೊಡು. ನಾ ಬಾಜೂಕೇ ನಿಂದರ್ತೇನಿ. ಅವರೇನು ನುಂಗತಾರೇನು?” ಎಂದು ಗದರಿದೆ.

ಅತ್ತಿ ನನ್ನ ಮೇಲೆ ಸಿಟ್ಟಾಗಲಿಲ್ಲ. “ನಿಮ್ಮ ಮುತ್ಯಾ ಕೊಟ್ಟಿದ್ದಿಲ್ಲಬೇ. ಕಸಗೊಂಡಿದ್ರು,” ಎಂದಳು ಮೆಲ್ಲಗೆ. “ನಾ ಹ್ಯಾಂಗ ನನ್ನ ಕೈಯಾರ ಕೊಡ್ಲಿ? ಹಿಂದಕ್ಕ ಹೋಗೂಣು ನಡಿ. ಗುಡ್ಡ ಎಲ್ಲಿಗಿ ಹೋಗ್ತದ, ಅಲ್ಲೇ ಇರ್ತದ.”

ಹಾಗೆಂದವಳು ಕಮಾನಿನ ಕಡೆ ನೋಡಿದಳು. ಆ ನೋಟ ನೋಡಿ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಬಾಯಿ ಏನಾದರೂ ಹೇಳಲಿ, ಅವಳಿಗೆ ಆ ಪರ್ವತ ನನಗಿಂತ ಹೆಚ್ಚು ಬೇಕಾಗಿತ್ತು. ಅವಳ ತುಟಿಗಳು ಒಣಗಿ ಬಿರಿದಿದ್ದವು. ಬೆಳಗಿನಿಂದ ನೀರಿಲ್ಲ. ಬಿಸಿಲಲ್ಲಿ ಬದುವಿನ ಮೇಲೆ ಕೂತ ಮುತ್ಯಾ ಹೀಗೇ ಇದ್ದಿರಬೇಕು ಎನ್ನಿಸಿತು.

ಕಮಾನಿನ ಈ ಕಡೆ ರಸ್ತೆಯ ಅಂಚಿಗೆ ಒಂದು ಅರಳಿಮರ, ಅದರ ಕೆಳಗೊಂದು ಬೋರಿಂಗು. ಯಾರೋ ನೀರು ಹೊಡೆದುಕೊಂಡು ಮುಖ ತೊಳೆಯುತ್ತಿದ್ದರು. ಅತ್ತಿ ಆ ಬೋರಿಂಗನ್ನು ನೋಡಿದಳು. ಎದೆಯ ಗಂಟಿನ ಮೇಲೆ ಕೈಯಿಟ್ಟು ಏನೋ ಲೆಕ್ಕ ಹಾಕಿದಳು. ಆಮೇಲೆ ಅವಳ ಮುಖದಲ್ಲಿ ಕರಜಗಿಯ ಗಟ್ಟಿಗಿತ್ತಿ ವಾಪಸು ಬಂದಳು.

“ಹೌದಲ್ಲಬೇ, ನಂದಿನ್ನೂ ಪೂಜಿ ಆಗಿಲ್ಲ!” ಎಂದಳು. “ಇಲ್ಲೇ ಮಾಡ್ತೇನಿ. ನೋಡಾಂವ ನೋಡ್ಲಿ. ಕೊಡೂದು ಬ್ಯಾರೆ, ತೋರಸೂದು ಬ್ಯಾರೆ.”

“ಮಂದಿ ಮುಂದ ತೋರಸಬಾರದಂತಾರಲ್ಲ ಅತ್ತಿ?”

“ಅಂತಾರ. ನಾಲ್ಕ ಮಂದಿ ನೋಡಿದ್ರ ಶಿವ ಏನು ಸವೀತಾನೇನು?”

ಸಾಹೇಬನಿಗೆ ನಾನು ಹಿಂದಿಯಲ್ಲಿ ಹೇಳಿದೆ. ಗಂಟು ಬಿಚ್ಚುತ್ತಾಳೆ, ಒಳಗಿರುವುದನ್ನು ತನ್ನ ಅಂಗೈಯ ಮೇಲೇ ಇಟ್ಟುಕೊಳ್ಳುತ್ತಾಳೆ, ನೀವು ಎಷ್ಟು ಹತ್ತಿರದಿಂದ ಬೇಕಾದರೂ ನೋಡಿ, ಮುಟ್ಟಬೇಡಿ. ಅವನು ಗಡಿಯಾರ ನೋಡಿದ, ಬಸ್ಸು ನೋಡಿದ, ಅತ್ತಿಯನ್ನು ನೋಡಿದ. ಆಗಲಿ ಎಂದ.

ಅತ್ತಿ ಕೌದಿ ಚೀಲದಲ್ಲಿದ್ದದ್ದನ್ನೆಲ್ಲ ನನ್ನ ಉಡಿಗೆ ಸುರಿದಳು. ಖಾಲಿ ಚೀಲವನ್ನು ಮರದ ಕೆಳಗೆ ಹಾಸಿದಳು. ಆ ಮಹಿಳಾ ಸಿಪಾಯಿ ತಾನಾಗಿಯೇ ಬಂದು ಬೋರಿಂಗು ಹೊಡೆದು ತಂಬಿಗೆ ತುಂಬಿಸಿ ಕೊಟ್ಟಳು. ಅತ್ತಿ ಕೈಕಾಲು ಮುಖ ತೊಳೆದುಕೊಂಡು ಬಂದು ಕೂತಳು. ಸಾಹೇಬ ಮೂಸಿದ್ದ ಅದೇ ವಿಭೂತಿ ಗಟ್ಟಿಯನ್ನು ನೀರಲ್ಲಿ ತೇಯ್ದು ಹಣೆಗೆ ಹಚ್ಚಿದಳು. ಕೊರಳಿಂದ ಗಂಟು ಹೊರತೆಗೆದಳು. ಅರಿವೆಯ ಸುತ್ತು ಬಿಚ್ಚತೊಡಗಿದಳು.

ಅಷ್ಟರಲ್ಲಿ ಸುತ್ತ ಮಂದಿ ಕೂಡಿದ್ದರು. ಬಸ್ಸಿನವರು, ರಿಕ್ಷಾದವರು, ಬಾಳೆಹಣ್ಣಿನವಳು, ಹಮಾಲರು. ಬಂಗಾರ ಸಿಗುತ್ತದೆಂದು ಕೆಲವರು ಕತ್ತು ಚಾಚಿದ್ದರು. ಕೊನೆಯ ಸುತ್ತು ಬಿಚ್ಚಿತು. ಅವಳ ಎಡ ಅಂಗೈಯ ನಡುವೆ ನೇರಳೆ ಹಣ್ಣಿನಂತೆ ಮಿರುಗುವ ಒಂದು ಸಣ್ಣ ಕಪ್ಪು ಲಿಂಗ. ಅಷ್ಟೇ.

ಸಾಹೇಬ ಬಾಗಿ ನೋಡಿದ. ಅವನ ನೆರಳು ಅವಳ ಅಂಗೈಯ ಮೇಲೆ ಬಿತ್ತು. ಅತ್ತಿ ಕಣ್ಣೆತ್ತದೆ, “ಸಾಬ್, ಸಾಯಾ ಹಟಾವ್,” ಎಂದಳು. ನೆರಳು ಸರಿಸು. ಅಷ್ಟೊತ್ತಿನವರೆಗೂ ಎಲ್ಲರನ್ನೂ ಅಲ್ಲಿ ನಿಲ್ಲು, ಇಲ್ಲಿ ನಿಲ್ಲು ಎನ್ನುತ್ತಿದ್ದ ಮನುಷ್ಯ ಎರಡು ಹೆಜ್ಜೆ ಹಿಂದೆ ಸರಿದ. ಬಿಳಿಯ ಪ್ರವಾಸಿ ಕ್ಯಾಮೆರಾ ತೆಗೆದಿದ್ದ. ಅವನೂ ಅದನ್ನು ಕೆಳಗಿಳಿಸಿದ.

ಆಮೇಲೆ ಅವಳು ನಮ್ಮೆಲ್ಲರನ್ನೂ ಮರೆತಳು. ಲಿಂಗಕ್ಕೆ ನೀರು ಹನಿಸಿದಳು, ವಿಭೂತಿ ಹಚ್ಚಿದಳು. ಹೂವಿರಲಿಲ್ಲ. ಬಿದ್ದಿದ್ದ ಒಂದು ಎಳೆಯ ಅರಳಿ ಎಲೆ ತೊಳೆದು ಇಟ್ಟಳು. ಅಂಗೈಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ನೋಡುತ್ತ ಕೂತಳು. ರೆಪ್ಪೆ ಬಡಿಯಲಿಲ್ಲ. ಅವಳು ಪೂಜೆ ಮಾಡುವುದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೆ. ಅಡುಗೆಮನೆಯ ಮೂಲೆಯಲ್ಲಿ, ಸೆರಗು ತಲೆಯ ಮೇಲೆ ಎಳೆದುಕೊಂಡು, ಗೋಡೆಗೆ ಮುಖ ಮಾಡಿ. ಅಲ್ಲಿ ಅದು ಹಲ್ಲುಜ್ಜುವುದು, ಹಿಟ್ಟು ನಾದುವುದರ ಜೊತೆಗಿನ ಇನ್ನೊಂದು ಕೆಲಸವಾಗಿತ್ತು. ಇಲ್ಲಿ ಲಾರಿಗಳ ಹೊಗೆಯ ನಡುವೆ, ಎರಡು ದೇಶಗಳ ಸಂದಿನಲ್ಲಿ ನೋಡಿ ನನ್ನ ಮೈ ಜುಮ್ಮೆಂದಿತು. ಬಾಳೆಹಣ್ಣಿನವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಹೆಗಲ ಮೇಲೆ ಪೆಟ್ಟಿಗೆ ಹೊತ್ತ ಹಮಾಲನೊಬ್ಬ ಅದನ್ನು ಇಳಿಸುವುದನ್ನೂ ಮರೆತು ನಿಂತಿದ್ದ. ನನಗೆ ಅಳು ಬಂತು. ಹೆಮ್ಮೆಯೋ, ಹೆದರಿಕೆಯೋ, ಹೇಳಲಾರೆ.

ಪೂಜೆ ಮುಗಿಸಿ ಅಂಗೈಯಲ್ಲಿದ್ದ ತೀರ್ಥ ಕುಡಿದಳು. ಆ ದಿನದ ಮೊದಲ ನೀರು. ಲಿಂಗ ಒರೆಸಿ, ಅರಿವೆ ಸುತ್ತಿ, ಕುಬಸದೊಳಗೆ ಇಳಿಬಿಟ್ಟು, ಆಮೇಲೆ ಸಾಹೇಬನ ಕಡೆ ನೋಡಿ, “ಹೋ ಗಯಾ ಸಾಬ್,” ಎಂದಳು. ಅವನು ತಲೆ ಆಡಿಸಿದ. ಕಂಡಕ್ಟರ್ ಸೀಟಿ ಊದಲು ಹೋದಾಗ ಅವನನ್ನು ಕೈಯೆತ್ತಿ ತಡೆದ. “ಮಾತಾಜೀ ಊಟ ಮಾಡಲಿ. ಆಮೇಲೆ ಬಿಡು,” ಎಂದ.

ಅತ್ತಿ ಅಲ್ಲೇ ಕೂತು ರೊಟ್ಟಿ ತಿಂದಳು. ಆ ಮಹಿಳಾ ಸಿಪಾಯಿಗೂ ಒಂದು ರೊಟ್ಟಿಯ ಮೇಲೆ ಹಿಂಡಿ ಹಾಕಿ ಕೊಟ್ಟಳು. ಸಾಹೇಬನಿಗೂ ಕೊಡಲು ಹೋದಳು. ಅವನು ಎರಡೂ ಕೈ ಜೋಡಿಸಿ ಮೂಗು ತೋರಿಸಿದ.

ಬಸ್ಸು ಕಮಾನಿನ ಕೆಳಗೆ ಹೋಗುವಾಗ ಅವಳ ಕೈ ಮತ್ತೆ ಎದೆಯ ಮೇಲಿತ್ತು. “ಬಂತೇನು?” ಎಂದಳು.

“ದಾಟಿದಿವಿ ಅತ್ತಿ.”

“ಇಷ್ಟೇನ?” ಎಂದು ತಿರುಗಿ ನೋಡಿದಳು. ಹುಲ್ಲಿನ ಹೊರೆ ಹೊತ್ತ ಒಬ್ಬ ಹೆಂಗಸು ಎಮ್ಮೆ ಹೊಡೆದುಕೊಂಡು ಆ ಕಡೆಯಿಂದ ಈ ಕಡೆ ನಡೆದು ಹೋಗುತ್ತಿದ್ದಳು. ಯಾರೂ ಅವಳನ್ನು ಕೇಳಲಿಲ್ಲ. ಅವಳ ಮನೆ ಒಂದು ದೇಶದಲ್ಲಿ, ಹುಲ್ಲು ಇನ್ನೊಂದು ದೇಶದಲ್ಲಿ ಇರಬೇಕು. ಅವಳು ಕಣ್ಮರೆಯಾಗುವ ತನಕ ಅತ್ತಿ ಕಿಟಕಿಯಿಂದ ಕತ್ತು ಹೊರಹಾಕಿ ನೋಡಿದಳು. ಎದೆಯ ಮೇಲಿನ ಕೈಯನ್ನು ಯಾವಾಗ ತೆಗೆದಳೋ ನಾನು ಗಮನಿಸಲಿಲ್ಲ.

ಮರುದಿನ ಅತ್ತಿ ವಸತಿಯ ಮನೆಯಲ್ಲೇ ಪೂಜೆ ಮುಗಿಸಿ, ರೊಟ್ಟಿ ತಿಂದು ಬಸ್ಸು ಹತ್ತಿದಳು. ಬಯಲು ಮುಗಿದು ರಸ್ತೆ ಮೇಲೇರತೊಡಗಿದ ಕೂಡಲೇ ಇಬ್ಬರೂ ಕಿಟಕಿಗೆ ಅಂಟಿಕೊಂಡೆವು. ನೆಲವೆಂದರೆ ಮಲಗಿರುವುದು ಎಂದಷ್ಟೇ ಬಲ್ಲವರು ನಾವು. “ಭೂಮಿ ಎದ್ದು ನಿಂತದಲ್ಲಬೇ!” ಎಂದಳು ಅತ್ತಿ. ಗುಡ್ಡದ ಮೈಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಗದ್ದೆಗಳನ್ನು ಕಂಡು, “ಇಲ್ಲಿ ಎತ್ತು ಹ್ಯಾಂಗ ಹೊಳ್ಳತಾವ?” ಎಂದು ಚಿಂತೆಗೆ ಬಿದ್ದಳು. ಕೆಳಗೆ ಪಾತಾಳದಲ್ಲಿ ನದಿ. ತಿರುವಿನಲ್ಲಿ ಬಸ್ಸು ವಾಲಿದಾಗಲೆಲ್ಲ ನಾನು ಅವಳ ಕೈ ಹಿಡಿಯುತ್ತಿದ್ದೆ. ಅವಳು ನನ್ನ ಕೈ ಹಿಡಿಯಲಿಲ್ಲ, ಕಿಟಕಿಯ ಸರಳು ಹಿಡಿದು ಹೊರಗೇ ನೋಡುತ್ತಿದ್ದಳು.

ಒಂದು ಏರಿನ ತುದಿಯಲ್ಲಿ ಚಹಾಕ್ಕೆ ನಿಲ್ಲಿಸಿದರು. ಚಳಿ ಹಲ್ಲು ಕುಟ್ಟಿಸುತ್ತಿತ್ತು. ಎದುರಿಗೆ ಒಂದರ ಹಿಂದೊಂದು ನೀಲಿ ಗುಡ್ಡಗಳು, ಅವುಗಳ ಮೇಲೆ ದಟ್ಟ ಮೋಡ. ಹಿಮ ಎಲ್ಲೂ ಇಲ್ಲ. ನಾನು ಗುಡ್ಡದ ಸಾಲಿನುದ್ದಕ್ಕೂ ಕಣ್ಣಾಡಿಸಿ ಹುಡುಕಿದೆ. ಹಲಗೆಯ ಮೇಲೆ ನಾನು ಬರೆಯುತ್ತಿದ್ದ ಎತ್ತರದಲ್ಲೇ ಹುಡುಕಿದೆ. ಇವತ್ತು ಕಾಣುವುದಿಲ್ಲವೇನೋ ಎಂದುಕೊಂಡೆ.

“ಅಲ್ಲೆಲ್ಲಿ ನೋಡಾಕತ್ತಿ? ಮ್ಯಾಲ ನೋಡು,” ಎಂದಳು ಅತ್ತಿ.

ಮೇಲೆ ನೋಡಿದೆ. ಗುಡ್ಡಗಳ ಮೇಲೆ ಮೋಡ. ಮೋಡದ ಮೇಲೆ ಆಕಾಶ. ಆಕಾಶವೆಂದು ನಾನು ಬಿಟ್ಟುಕೊಟ್ಟಿದ್ದ ಜಾಗದಲ್ಲಿ ಅದು ನಿಂತಿತ್ತು. ಬುಡವೇ ಇಲ್ಲದೆ, ಬಿಸಿಲಿಗೆ ಬೆಳ್ಳಗೆ ಉರಿಯುತ್ತ, ಈ ತುದಿಯಿಂದ ಆ ತುದಿಗೆ. ಅಷ್ಟು ಎತ್ತರದಲ್ಲಿ ಏನಾದರೂ ಇರಬಹುದೆಂದು ನನ್ನ ಕತ್ತಿಗೇ ಗೊತ್ತಿರಲಿಲ್ಲ. ಧವಳಗಿರಿ ಯಾವುದು, ಅನ್ನಪೂರ್ಣ ಯಾವುದು, ಒಂದು ಹೆಸರೂ ನೆನಪಾಗಲಿಲ್ಲ. ಬಾಯಿ ತೆರೆದುಕೊಂಡು ನಿಂತೆ.

ಎಷ್ಟೋ ಹೊತ್ತಾದ ಮೇಲೆ ಅತ್ತಿಯ ನೆನಪಾಗಿ ತಿರುಗಿದೆ. ಅವಳು ರಸ್ತೆಯ ಅಂಚಿಗೆ ಹೋಗಿ ನಿಂತಿದ್ದಳು. ಗಂಟು ಬಿಚ್ಚಿದ್ದಳು. ಆ ದಿನದ ಪೂಜೆ ಬೆಳಿಗ್ಗೆಯೇ ಮುಗಿದಿತ್ತು, ಎರಡನೇ ಸಲ ಬಿಚ್ಚುವ ಪದ್ಧತಿ ಅವಳದಲ್ಲ. ಲಿಂಗ ಅಂಗೈಯಲ್ಲಿತ್ತು. ಆದರೆ ದಿನದ ಹಾಗೆ ತನ್ನ ಮುಖದ ಮುಂದೆ ಹಿಡಿದಿರಲಿಲ್ಲ. ತೋಳನ್ನು ಮುಂದಕ್ಕೆ, ತನ್ನಿಂದ ಎಷ್ಟು ದೂರವಾಗುತ್ತದೋ ಅಷ್ಟು ದೂರಕ್ಕೆ, ಆ ಹಿಮದ ಕಡೆಗೆ ಚಾಚಿದ್ದಳು. ಕೂಸಿಗೆ ಚಂದ್ರನನ್ನು ತೋರಿಸುವವರ ಹಾಗೆ.

“ನೋಡು,” ಎನ್ನುತ್ತಿದ್ದಳು. “ನೋಡು ನಮ್ಮಪ್ಪಾ. ಹುಟ್ಟಿದಾಗಿಂದ ನನ್ನ ಕುಬಸದಾಗ ಕತ್ತಲದಾಗ ಕುಂತೀದಿ. ನನ್ನ ಅಡಗಿಮನಿ ಗ್ವಾಡಿ ಬಿಟ್ಟು ಏನ್ ನೋಡೀದಿ ನೀನು? ನೋಡು. ನಾ ಆಮ್ಯಾಲ ನೋಡ್ತೇನಿ.”

ಅವಳು ಕಣ್ಣು ಮುಚ್ಚಿಕೊಂಡಿದ್ದಳು. ತಾನು ಮೊದಲು ನೋಡಬಾರದೆಂದು.

ಊರಿನಿಂದ ಹೊರಟಾಗಿನಿಂದ ಅವಳು ಹಿಮ ನೋಡಲು ಬಂದವಳೆಂದೇ ನಾನು ತಿಳಿದಿದ್ದೆ. ಅವಳು ತೋರಿಸಲು ಬಂದಿದ್ದಳು. ಚಾಚಿದ ತೋಳು ಸೋತು ಮೆಲ್ಲಗೆ ಇಳಿಯತೊಡಗಿತು. ನಾನು ಹೋಗಿ ಅವಳ ಮೊಣಕೈಗೆ ನನ್ನ ಕೈ ಕೊಟ್ಟು ನಿಂತೆ. ಲಿಂಗವನ್ನು ಮುಟ್ಟಲಿಲ್ಲ.

ಬಸ್ಸಿನ ಹಾರ್ನು ಕೇಳಿದ ಮೇಲೆ ಅವಳು ಕಣ್ಣು ತೆರೆದಳು. ನೋಡಿದಳು. ಕಣ್ಣೀರು ಸುರಿಯಿತು, ಒರೆಸಿಕೊಳ್ಳಲಿಲ್ಲ. ಅರಿವೆ ಸುತ್ತುತ್ತ ನನ್ನ ಖಾಲಿ ಕೊರಳನ್ನು ನೋಡಿದಳು. ಕಂಡಾಗಲೆಲ್ಲ ಬೈಯುತ್ತಿದ್ದವಳು ಅವತ್ತು ಬೈಯಲಿಲ್ಲ.

“ನಿಂದು ಊರಾಗ ಜಗಲಿ ಮ್ಯಾಲ ಒಂದೇ ಕುಂತದಲ್ಲಬೇ,” ಎಂದಳು. “ಪಾಪ.”